ಗೋಲಿನಲ್ಲಿ ನಿಲ್ಲಿಸಿದ ಓಟಗಾತಿ

ಕಾಲೇಜಿನ ಹೆಣ್ಣುಮಕ್ಕಳಿಗೆ ಆಟ ಕಲಿಸುವ ಕೆಲಸಕ್ಕೆ ಈಚೆಗೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ನನಗೆ ಫೋನು ಮಾಡಿದ್ದಳು. ಕಸರತ್ತು, ಊಟ, ತಂಡ ಕಟ್ಟುವ ಬಗೆ ಎಲ್ಲವನ್ನೂ ವಿಚಾರಿಸಿದ ಮೇಲೆ, ನಿಮಗೆ ಸರಿಯಾಗಿ ನಿದ್ದೆ ಬರುತ್ತಿತ್ತೇ ಮೇಡಂ ಎಂದು ಕೇಳಿದಳು. ಬರುತ್ತಿರಲಿಲ್ಲ ಮಗಳೇ ಎಂದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಅಂಥವರಿಗಾಗಿ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಏನು ಭಾಷಣ ಮಾಡಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಯಾರ ನಿದ್ದೆಯೂ ಸುಧಾರಿಸುವುದಿಲ್ಲ.

ನಾನು ಮಹಾ ಅಂಜುಬುರುಕಿ. ಸುರತ್ಕಲ್ಲಿನಲ್ಲಿ ಬೆಳೆದು, ವಿಶ್ವವಿದ್ಯಾಲಯದ ಹಾಕಿ ತಂಡದಲ್ಲಿ ಆಡಿದವಳು ಅಂಜುಬುರುಕಿ ಹೇಗಾಗುತ್ತಾಳೆ ಎಂದು ಜನ ಕೇಳುತ್ತಾರೆ. ಆಡುವಾಗ ನನಗೆ ಯಾವ ಹೆದರಿಕೆಯೂ ಇರಲಿಲ್ಲ, ನಿಜ. ಬೇರೆಯವರ ಮಕ್ಕಳನ್ನು ಆಡಿಸಲು ಶುರುಮಾಡಿದ ದಿನದಿಂದ ಹಿಡಿದ ಭಯ ನಿವೃತ್ತಿಯಾಗುವವರೆಗೂ ಬಿಡಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಅಬುಧಾಬಿಗೆ ಹೋದೆ. ಗಂಡ ಜಯರಾಮನಿಗೆ ಮದೀನತ್ ಜಾಯೆದ್‌ನ ಕಡೆ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ವಾರಕ್ಕೊಮ್ಮೆ ಗುರುವಾರ ಬಂದು ಶುಕ್ರವಾರ ಸಂಜೆ ಮರಳುತ್ತಿದ್ದ. ಉಳಿದ ದಿನ ಖಾಲಿದಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಹೆಣ್ಣುಮಕ್ಕಳ ಖಾಸಗಿ ಕಾಲೇಜೊಂದರಲ್ಲಿ ವ್ಯಾಯಾಮ ಶಿಕ್ಷಕಿಯ ಕೆಲಸ ಸಿಕ್ಕಿತು. ಕಸರತ್ತು, ವಾಲಿಬಾಲು ಎಂದು, ಭಯ ಇದ್ದರೂ ಒಂದು ಮಟ್ಟಿಗೆ ನೆಮ್ಮದಿಯಾಗಿಯೇ ಇದ್ದೆ.

ಆ ನೆಮ್ಮದಿಗೆ ಕಲ್ಲು ಹಾಕಿದವರು ನಮ್ಮ ಹೊಸ ಡೈರೆಕ್ಟರ್ ಮಿಸೆಸ್ ಗ್ರೀರ್. ಕೆನಡಾದವರು, ಎತ್ತರದ ಆಳು, ಹೆದರಿಕೆ ಎಂಬುದನ್ನು ಅವರ ತಾಯಿ ಹೇಳಿಕೊಟ್ಟೇ ಇರಲಿಲ್ಲವೆಂದು ಕಾಣುತ್ತದೆ. ಹರೆಯದಲ್ಲಿ ತಾನು ಲಕ್ರಾಸ್ ಆಡಿದವಳು, ಈ ಕಾಲೇಜಿಗೂ ಲಕ್ರಾಸ್ ತಂಡ ಬೇಕು, ನೀನೇ ಕೋಚ್ ಎಂದರು. ನನಗೆ ಆ ಆಟದ ಹೆಸರು ಹೇಳಲೂ ಬರುತ್ತಿರಲಿಲ್ಲ. ಹಾಕಿ ಬರುತ್ತದಲ್ಲ, ಅದೂ ಕೋಲು ಇದೂ ಕೋಲು ಎಂದು ಒಂದು ವಿಡಿಯೋ ಕ್ಯಾಸೆಟ್ಟು ಕೈಗಿತ್ತು ಕಳುಹಿಸಿದರು.

ಕೋಲು ಎರಡರಲ್ಲೂ ಇದೆ, ಒಪ್ಪಿದೆ. ಲಕ್ರಾಸಿನಲ್ಲಿ ಆ ಕೋಲಿನ ತುದಿಗೆ ಬಲೆಯ ಚೀಲ ಕಟ್ಟಿರುತ್ತಾರೆ. ಗಟ್ಟಿ ರಬ್ಬರಿನ ಚೆಂಡನ್ನು ಆ ಚೀಲದಲ್ಲಿ ಹಿಡಿದು, ಅದು ಬೀಳದ ಹಾಗೆ ಕೋಲನ್ನು ತೂಗುತ್ತ ಓಡಿ, ಎದುರಾಳಿಗಳ ಗೋಲಿಗೆ ಎಸೆಯಬೇಕು. ಹಾಕಿಯಲ್ಲಿ ಚೆಂಡು ಹೆಚ್ಚಾಗಿ ನೆಲದ ಮೇಲಿರುತ್ತದೆ, ಇಲ್ಲಿ ಮುಖದ ಎತ್ತರದಲ್ಲಿ ಹಾರುತ್ತದೆ. ಗಂಡಸರ ಆಟದಲ್ಲಿ ಎಲ್ಲರಿಗೂ ಹೆಲ್ಮೆಟ್ಟು ಉಂಟು. ಹೆಂಗಸರ ಆಟದಲ್ಲಿ ಮೈಗೆ ಮೈ ತಾಗಿಸುವಂತಿಲ್ಲವೆಂದು ಹಲ್ಲಿಗೊಂದು ರಬ್ಬರು ಕೊಟ್ಟು ಬಿಟ್ಟಿದ್ದರು. ಕಣ್ಣಿಗೆ ತಂತಿಯ ಕನ್ನಡಕ ಕಡ್ಡಾಯವಾದದ್ದು ಎಷ್ಟೋ ಕಾಲದ ನಂತರ. ಈಗಿನವರಿಗೆ ಆ ಕನ್ನಡಕ ಸೆಖೆಯಲ್ಲಿ ಕಿರಿಕಿರಿಯಂತೆ. ಅದಿಲ್ಲದೆ ಕಳೆದ ಸಂಜೆಗಳನ್ನು ನೆನೆದರೆ ನನಗೆ ಈಗಲೂ ನಿದ್ದೆ ಹಾರಿಹೋಗುತ್ತದೆ. ಅಭ್ಯಾಸ ಮುಗಿದ ಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬಳ ಕಣ್ಣನ್ನೂ ನೋಡುತ್ತಿದ್ದೆ. ಶಿಸ್ತಿಗಾಗಿ ನಿಲ್ಲಿಸುತ್ತೇನೆಂದು ಅವರು ತಿಳಿದಿದ್ದರು.

ಕ್ಯಾಸೆಟ್ಟು ನೋಡಿ ಕಲಿತ ವಿದ್ಯೆಯ ಬೆಲೆ ಮೊದಲ ಪಂದ್ಯದಲ್ಲೇ ತಿಳಿಯಿತು. ಹೆಂಗಸರ ಲಕ್ರಾಸಿನಲ್ಲಿ ಆಗ ಒಂದು ವಿಚಿತ್ರ ಕಟ್ಟಳೆ ಇತ್ತು. ಅಂಪೈರ್ ಸೀಟಿ ಊದಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಒಂದು ಹೆಜ್ಜೆಯೂ ಸರಿಯಬಾರದು. ಹಾಕಿಯಲ್ಲಿ ಸೀಟಿ ಬಿದ್ದೊಡನೆ ಒಳ್ಳೆಯ ಜಾಗ ಹಿಡಿಯಲು ಓಡುವವಳೇ ಜಾಣೆ, ನಾನು ಕಲಿತದ್ದೂ ಕಲಿಸಿದ್ದೂ ಅದೇ. ಕ್ಯಾಸೆಟ್ಟಿನಲ್ಲಿ ಆಟ ನಿಂತ ಕಡೆಯಲ್ಲೆಲ್ಲ ಕತ್ತರಿಸಿ ಮುಂದಿನದಕ್ಕೆ ಹೋಗಿದ್ದರು. ಹೀಗಾಗಿ ಅಂಪೈರ್ ಊದಿದಾಗಲೆಲ್ಲ ಎದುರು ತಂಡದವರು ಕಂಬಗಳಂತೆ ನಿಂತರೆ, ನನ್ನ ಹುಡುಗಿಯರು ಆ ಕಂಬಗಳ ನಡುವೆ ಓಡಿದ್ದೇ ಓಡಿದ್ದು. ದಂಡದ ಮೇಲೆ ದಂಡ. ಮಿಸೆಸ್ ಗ್ರೀರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಕೆಲಸ ಹೋಯಿತು, ಕೆಲಸದ ಹಿಂದೆ ವೀಸಾವೂ ಹೋಯಿತು ಎಂದು ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟುತ್ತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಒಂದೇ: ನಿನ್ನ ಹುಡುಗಿಯರಿಗೆ ಓಡಲು ಬರುತ್ತದೆ, ನಿಲ್ಲುವುದನ್ನು ಕಲಿಸುವುದು ಸುಲಭ.

ಇನ್ನೊಂದು ಚಿಂತೆ ಆಕಾಶದಿಂದ ಬಂತು. ನಮ್ಮ ಮೈದಾನಕ್ಕೆ ಎತ್ತರದ ಗೋಡೆಯಿತ್ತು. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಆ ಧೈರ್ಯದ ಮೇಲೆಯೇ ಊರಿನ ಅರಬ್ ಮನೆತನಗಳ ಹುಡುಗಿಯರು ಕಪ್ಪು ನಿಲುವಂಗಿ ಅಬಾಯಾ ಕಳಚಿ, ತಲೆವಸ್ತ್ರ ಬಿಚ್ಚಿ, ಟ್ರ್ಯಾಕ್‌ಸೂಟಿನಲ್ಲಿ ಆಡುತ್ತಿದ್ದರು. ಒಂದು ವರ್ಷ ಪಕ್ಕದ ಖಾಲಿ ಜಾಗದಲ್ಲಿ ಕಟ್ಟಡ ಏಳತೊಡಗಿತು. ನಾನು ದಿನಾ ಸಂಜೆ ಅದರ ಅಂತಸ್ತು ನೋಡುತ್ತಿದ್ದೆ. ಗೋಡೆಯ ಮೇಲೆ ಮೊದಲು ಕಬ್ಬಿಣದ ಸರಳುಗಳು ಕಂಡವು, ಆಮೇಲೊಂದು ದಿನ ಸರಳುಗಳ ನಡುವೆ ಕೆಲಸಗಾರರ ತಲೆಗಳು ಕಂಡವು. ಪಾಪ, ಆ ಬಿಸಿಲಲ್ಲಿ ಅವರಿಗೆ ಆಟ ನೋಡುವ ಪುರುಸೊತ್ತೆಲ್ಲಿ. ಆದರೂ ನಮ್ಮ ನಾಯಕಿ ಮೌಜಾ ಕೋಲು ಕೆಳಗಿಟ್ಟು, ಮಿಸ್, ಖಲಾಸ್ ಎಂದಳು. ಇಡೀ ತಂಡ ಅವಳ ಹಿಂದೆ ಒಳಗೆ ನಡೆಯಿತು. ಒಂದು ಮನೆಯಿಂದ ಒಂದು ಫೋನು ಬಂದರೆ ಆಟವೇ ನಿಂತೀತೆಂದು ಹೆದರಿ, ಬರ್ ದುಬೈಯಿಂದ ಹಸಿರು ಪರದೆ ಬಟ್ಟೆ ತಂದು ಗೋಡೆಯ ಮೇಲೆ ಕಂಬ ನೆಟ್ಟು ಕಟ್ಟಿಸಿದೆ. ಕಟ್ಟಡ ಮೇಲೇರಿದಂತೆ ಪರದೆಯೂ ಏರಿತು. ಕಡೆಗೆ ಗಾಳಿ ಗೆದ್ದಿತು, ನಾವು ಬೇರೆ ಕಡೆ ಮೈದಾನ ಹುಡುಕಿಕೊಂಡೆವು.

ಆ ಪರದೆ ಬಟ್ಟೆ ಕೊಟ್ಟವರು ಇಬ್ರಾಹಿಂ ಹಾಜಿಗಳು. ಬರ್ ದುಬೈಯಲ್ಲಿ ಅವರಿಗೆ ಜವಳಿ ಅಂಗಡಿ ಇತ್ತು. ಮೂಲದಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ನಾನು ಸುರತ್ಕಲ್ಲಿನವಳು ಎಂದು ತಿಳಿದದ್ದೇ ಚಾ ತರಿಸಿ, ಬಟ್ಟೆಗೆ ದುಡ್ಡು ಬೇಡವೇ ಬೇಡವೆಂದು ಹಟ ಹಿಡಿದರು. ಮಾರನೆಯ ವರ್ಷ ಮಗಳು ರುಖಿಯಾಳನ್ನು ನಮ್ಮ ಕಾಲೇಜಿಗೇ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟರು. ತೆಳ್ಳನೆಯ ಹುಡುಗಿ, ಮಾತು ಬಲು ಕಡಿಮೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಪದ ಹೇಳಿ ಸುಮ್ಮನಾಗುತ್ತಿದ್ದಳು.

ಒಂದು ಮಧ್ಯಾಹ್ನ ಹಾಸ್ಟೆಲಿನ ವ್ಯಾನು ಅವಳನ್ನು ಬಿಟ್ಟು ಹೊರಟಿತ್ತು. ರುಖಿಯಾ ಚಪ್ಪಲಿ ಕೈಯಲ್ಲಿ ಹಿಡಿದು, ಕಾಲೇಜಿನ ಉದ್ದದ ಅಂಗಳದಲ್ಲಿ ಅದನ್ನು ಅಟ್ಟಿಸಿಕೊಂಡು ಓಡಿದಳು. ಗೇಟು ದಾಟುವ ಮೊದಲೇ ಅದರ ಬಾಗಿಲಿಗೆ ಕೈ ಬಡಿದಳು. ನಾನು ಎಷ್ಟೋ ಓಟಗಾರ್ತಿಯರನ್ನು ನೋಡಿದವಳು, ಅಂಥ ಕಾಲು ನೋಡಿರಲಿಲ್ಲ. ಮಾರನೇ ದಿನವೇ ಅವಳ ಕೈಗೆ ಕೋಲು ಕೊಟ್ಟೆ. ಮೈದಾನದ ನಡುವೆ ಚೆಂಡು ಸಿಕ್ಕಿತೆಂದರೆ ಮೌಜಾ ಕೂಡ ಅವಳನ್ನು ಮುಟ್ಟಲಾರಳು. ಆ ದಿನಗಳಲ್ಲಿ ಮಾತ್ರ ಆ ಹುಡುಗಿ ಬಾಯಿ ಬಿಟ್ಟು ನಗುವುದನ್ನು ಕಂಡೆ.

ವಿಷಯ ತಿಳಿದು ಹಾಜಿಗಳು ಅಬುಧಾಬಿಗೆ ಬಂದು ಗೇಟಿನ ಹೊರಗಿನ ಕೋಣೆಯಲ್ಲಿ ನನ್ನನ್ನು ಕಂಡರು. ಬೇಡ ಎನ್ನಲು ಬಂದಿದ್ದಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ.

“ಆಡ್ಲಿ ಟೀಚರ್, ಅದಕ್ಕೇನು. ನೀವು ನಮ್ಮ ಊರಿನವರು ಇದ್ದೀರಿ ಅಲ್ವಾ, ಅದೇ ನನಗೆ ಧೈರ್ಯ” ಎಂದರು. ಎದ್ದು ಹೊರಡುವಾಗ, “ಒಂದೇ ಮಾತು. ಅವಳ ಮೈಮೇಲೆ ಒಂದು ಗೀರು ಬೀಳ್ಬಾರ್ದು, ಆಯ್ತಾ” ಎಂದರು.

ಆಯ್ತು, ನಾನಿದ್ದೇನೆ ಎಂದುಬಿಟ್ಟೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಹೇಳುತ್ತೇನೆ, ಯಾವ ತಂದೆಗೂ ಈ ಮಾತು ಕೊಡಬೇಡಿ. ಊರಿನವರಿಗಂತೂ ಕೊಡಲೇಬೇಡಿ. ಬೇರೆಯವರ ಮಕ್ಕಳಿಗೆ ಪೆಟ್ಟಾದರೆ ಆಸ್ಪತ್ರೆಗೆ ಹೋದರೆ ಮುಗಿಯಿತು. ಊರಿನವರ ಮಗಳಿಗೆ ಪೆಟ್ಟಾದರೆ, ನಾವು ಆಸ್ಪತ್ರೆ ಮುಟ್ಟುವ ಮೊದಲೇ ಸುದ್ದಿ ಸುರತ್ಕಲ್ಲು ಮುಟ್ಟಿರುತ್ತದೆ.

ಅದಾಗಿ ಸ್ವಲ್ಪ ದಿನಕ್ಕೆ ಅಭ್ಯಾಸದಲ್ಲಿ ಚೆಂಡೊಂದು ತಪ್ಪಿ ಬೇರೊಬ್ಬ ಹುಡುಗಿಯ ಕಣ್ಣಿನ ಪಕ್ಕಕ್ಕೇ ಬಡಿಯಿತು. ನೋಡನೋಡುತ್ತ ಕಣ್ಣು ಊದಿ ಮುಚ್ಚಿಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಡಾಕ್ಟರು ಹೊರಬರುವವರೆಗೆ ಕೂತಿದ್ದೆನಲ್ಲ, ಆಗ ನಾನು ಹರಕೆ ಹೇಳಿಕೊಳ್ಳದ ದೇವರಿಲ್ಲ. ದೃಷ್ಟಿಗೆ ಏನೂ ಆಗಿರಲಿಲ್ಲ. ಆದರೆ ಆ ಬೆಂಚಿನ ಮೇಲೆ ನನ್ನ ಕಣ್ಣ ಮುಂದೆ ಇದ್ದದ್ದು ರುಖಿಯಾಳ ಮುಖ.

ಮಾರನೇ ದಿನ ರುಖಿಯಾಳನ್ನು ಗೋಲಿಯಾಗಿ ನಿಲ್ಲಿಸಿದೆ. ಹೆಂಗಸರ ಲಕ್ರಾಸಿನಲ್ಲಿ ಗೋಲು ಕಾಯುವ ಗೋಲಿಯೊಬ್ಬಳಿಗೇ ಹೆಲ್ಮೆಟ್ಟು. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಗುರಾಣಿ, ಕಾಲಿಗೆ ದಪ್ಪ ಪಟ್ಟಿ. ಚೆಂಡು ಅವಳ ಕಡೆಗೇ ಬರುತ್ತದೆ, ಬರಲಿ, ಗೀರು ಬೀಳಲು ಬರಿಯ ಚರ್ಮವೇ ಹೊರಗಿರುವುದಿಲ್ಲ. ಇಡೀ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳನ್ನು ಓಡುವ ಕೆಲಸವೇ ಇಲ್ಲದ ಜಾಗದಲ್ಲಿಟ್ಟು ನಾನು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಗೋಲಿಗೆ ಚುರುಕಿನವಳೇ ಬೇಕು ಎಂದು ಮಿಸೆಸ್ ಗ್ರೀರ್‌ಗೆ ವಿವರಿಸಿದೆ. ಅವರು ಒಂದು ಹುಬ್ಬು ಮೇಲೆತ್ತಿ ಕೆಳಗಿಳಿಸಿದರು, ಅಷ್ಟೇ.

ರುಖಿಯಾ ಮೊದಮೊದಲು ಚೆಂಡಿನ ಹಿಂದೆ ಗೋಲು ಬಿಟ್ಟು ಓಡಿಬರುತ್ತಿದ್ದಳು, ನಾನು ಕೂಗಿ ಹಿಂದೆ ಕಳಿಸುತ್ತಿದ್ದೆ. ಬರಬರುತ್ತ ಓಡಿಬರುವುದನ್ನು ಬಿಟ್ಟಳು. ಅಭ್ಯಾಸ ಮುಗಿದು ಉಳಿದವರು ನೀರು ಕುಡಿಯುವಾಗ ಆ ದಪ್ಪ ಪಟ್ಟಿಗಳನ್ನು ಕಟ್ಟಿಕೊಂಡೇ ಮೈದಾನಕ್ಕೆ ಒಂದು ಸುತ್ತು ಹಾಕುತ್ತಿದ್ದಳು. ಕೊನೆಗೆ ಅದನ್ನೂ ನಿಲ್ಲಿಸಿದಳು. ದುಬೈಯ ಕಾಲೇಜೊಂದರ ಜೊತೆ ಪಂದ್ಯ ಗೊತ್ತಾಗಿತ್ತು. ಅದಕ್ಕೆ ಹೊರಡುವ ಮುಂಚೆ ನನ್ನ ಕೋಣೆಗೆ ಬಂದು ನಿಂತಳು.

“ಮಿಸ್, ಇದು ಲಾಸ್ಟ್ ಮ್ಯಾಚ್. ನೆಕ್ಸ್ಟ್ ಟರ್ಮ್ ನಾನು ಬರುದಿಲ್ಲ” ಎಂದಳು. ಯಾಕೆ ಎಂದು ಕೇಳಿದೆ. “ನಿಲ್ಲುದಕ್ಕಾದ್ರೆ ಹಾಸ್ಟೆಲಲ್ಲೇ ನಿಲ್ತೇನೆ.”

ಅವಳಾಗಿ ಅಷ್ಟು ಉದ್ದದ ಕನ್ನಡ ಮಾತಾಡಿದ್ದು ಅದೇ ಮೊದಲು. ಆಮೇಲೆ ನೋಡುವಾ ಎಂದು ಏನೋ ತೇಲಿಸಿ ಕಳಿಸಿದೆ. ಹೋಗಲಿ, ಬಿಟ್ಟರೆ ನನ್ನ ಹೊಣೆಯೂ ಮುಗಿಯಿತು ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸಿಗೆ ಕೈಯಲ್ಲಿ ಚಪ್ಪಲಿ ಹಿಡಿದು ವ್ಯಾನಿನ ಹಿಂದೆ ಓಡಿದ ಹುಡುಗಿಯೇ ಕಾಣುತ್ತಿದ್ದಳು.

ಪಂದ್ಯ ಗುರುವಾರ ಮಧ್ಯಾಹ್ನ, ಚಳಿಗಾಲದ ಹಿತವಾದ ಬಿಸಿಲು. ದಾರಿಯುದ್ದಕ್ಕೂ ನಾನು ಬಸ್ಸಿನ ಚಾಲಕನಿಗೆ ನಿಧಾನ, ನಿಧಾನ ಎನ್ನುತ್ತಿದ್ದೆ. ಹಿಂದಿನಿಂದ ಹುಡುಗಿಯರು ಯಲ್ಲಾ, ಯಲ್ಲಾ ಎಂದು ಅವಸರಪಡಿಸುತ್ತಿದ್ದರು. ಅಲ್ಲಿಯೂ ಗೋಡೆಯೊಳಗಿನ ಮೈದಾನ, ತಂದೆ ಅಣ್ಣಂದಿರೆಲ್ಲ ಹೊರಗೆ. ಹಾಜಿಗಳು ಅಂಗಡಿಯನ್ನು ತಮ್ಮನಿಗೆ ಬಿಟ್ಟು, ತಂಡಕ್ಕೆಲ್ಲ ಸಮೋಸ ಕಟ್ಟಿಸಿಕೊಂಡು ಬಂದು, ಗೇಟಿನ ಎದುರು ವ್ಯಾನಿನಲ್ಲಿ ಕೂತಿದ್ದರು. ನನಗೆ ಕೈಯೆತ್ತಿ ಸಲಾಂ ಹೇಳಿದರು. ಅವರಿಗೆ ಒಳಗಿನದೇನೂ ಕಾಣದು, ಬರೀ ಕೂಗಾಟ ಕೇಳುತ್ತದೆ.

ಆಡಲು ಹನ್ನೆರಡು ಜನ ಬೇಕು. ಜ್ವರ, ಮನೆಯ ಮದುವೆ ಎಂದು ಬದಲಿ ಆಟಗಾರ್ತಿಯರು ತಪ್ಪಿಸಿಕೊಂಡು, ನಮ್ಮಲ್ಲಿ ಇದ್ದವರೇ ಹನ್ನೆರಡು. ಮೊದಲರ್ಧ ಮುಗಿಯುತ್ತ ಬಂದಾಗ ನಡುವಿನಲ್ಲಿ ಸೆಂಟರ್ ಆಗಿ ಆಡುತ್ತಿದ್ದ ಮೌಜಾಳ ಪಾದ ಉಳುಕಿತು. ನಾವು ಆಗಲೇ ಹಿಂದಿದ್ದೆವು. ವಿರಾಮದಲ್ಲಿ ಮೌಜಾ ಕಾಲಿಗೆ ಮಂಜುಗಡ್ಡೆ ಒತ್ತಿಕೊಂಡು, ತಾನು ನಿಲ್ಲಬಲ್ಲೆ, ಓಡಲಾರೆ ಎಂದಳು. ಎಲ್ಲರೂ ರುಖಿಯಾಳ ಕಡೆ ನೋಡಿದರು. ರುಖಿಯಾ ಹೆಲ್ಮೆಟ್ಟು ತೆಗೆದು ಮೌಜಾಳ ಪಕ್ಕದಲ್ಲಿಟ್ಟಳು.

“ಮಿಸ್, ಒಂದ್ಸಲ ಓಡ್ಲಿಕ್ಕೆ ಬಿಡಿ.”

ನಾನು ಏನು ಮಾಡಿದೆ ಗೊತ್ತೆ? ಕೋಚಾದವಳು ಮಾಡಬಾರದ್ದನ್ನು ಮಾಡಿದೆ. ಎರಡು ನಿಮಿಷ ಎಂದು ಹೇಳಿ, ತಂಡವನ್ನು ಅಲ್ಲೇ ಬಿಟ್ಟು, ಗೇಟಿನ ಹೊರಗೆ ಹಾಜಿಗಳ ವ್ಯಾನಿನ ಹತ್ತಿರ ಓಡಿದೆ. ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಹೆಲ್ಮೆಟ್ಟಿಲ್ಲದೆ ಆಡಬೇಕಾಗುತ್ತದೆ, ಮುಖಕ್ಕೆ ಏನಾದರೂ ಆದರೆ ನಾನು ಹೊಣೆಯಲ್ಲ ಎಂದೂ ಹೇಳಿದೆ, ನಾಚಿಕೆ ಬಿಟ್ಟು. ಹಾಜಿಗಳು ವ್ಯಾನಿನಿಂದ ಇಳಿದರು.

“ಇಷ್ಟು ದಿನ ಅವಳು ಓಡ್ತಾ ಇರ್ಲಿಲ್ವಾ?” ಎಂದು ಕೇಳಿದರು.

ಇಲ್ಲ, ಗೋಲಿನಲ್ಲಿ ನಿಲ್ಲಿಸಿದ್ದೆ, ನೀವು ಗೀರು ಬೀಳಬಾರದು ಎಂದಿದ್ದಿರಲ್ಲ ಎಂದೆ.

“ಗೀರು ಬೀಳ್ಬಾರ್ದು ಅಂದದ್ದು ಹೌದು. ಅಪ್ಪ ಆದವ ಮತ್ತೆ ಎಂತ ಹೇಳುದು ಟೀಚರ್? ಓಡ್ಬೇಡ ಅಂತ ನಾನು ಯಾವಾಗ ಹೇಳಿದ್ದು?”

ಅವರು ಸಿಟ್ಟಿನಲ್ಲಿ ಹೇಳಿರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದರು. ಅವರ ಹೆದರಿಕೆ ಒಂದು ಮಾತಿನಷ್ಟಿತ್ತು. ಅದಕ್ಕೆ ಜಾಲರಿ ಹೆಣೆದು ಮಗಳ ಮುಖಕ್ಕೆ ಕಟ್ಟಿದವಳು ನಾನು. ಒಳಗೆ ಸೀಟಿ ಕೇಳಿಸಿತು, ವಾಪಸು ಓಡಿದೆ.

ಮೌಜಾಳಿಗೆ ಹೆಲ್ಮೆಟ್ಟು ಕಟ್ಟಿ ಗೋಲಿನಲ್ಲಿ ನಿಲ್ಲಿಸಿದೆವು. ರುಖಿಯಾ ನಡುವಿಗೆ ಹೋದಳು. ಮೊದಲ ಸಲ ಚೆಂಡು ಅವಳ ಬಲೆಗೆ ಬಿದ್ದಾಗ ದುಬೈಯ ಹುಡುಗಿಯರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಕೋಲು ಕಿವಿಯ ಪಕ್ಕದಲ್ಲಿ ತೂಗುತ್ತ, ಬಾಗಿ, ನುಸುಳಿ, ಅವರ ಗೋಲಿನ ಮುಂದೆ ಹೋಗಿ ಎಸೆದಳು. ಗೋಲು. ನನ್ನ ಹುಡುಗಿಯರು ಅವಳ ಹೆಸರನ್ನು ಎಷ್ಟು ಜೋರಾಗಿ ಕೂಗಿದರೆಂದರೆ ಗೋಡೆಯಾಚೆಗೆ ಖಂಡಿತ ಕೇಳಿಸಿರಬೇಕು. ಖುಷಿಪಡುವುದನ್ನು ಬಿಟ್ಟು ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ.

ಎರಡನೆಯ ಗೋಲೂ ಅವಳದೇ. ಮೂರನೆಯ ಸಲ ನುಗ್ಗಿದಾಗ ಅಡ್ಡ ಬಂದವಳ ಕೋಲು ಅವಳ ಮುಖದ ಮೇಲೆ ಸವರಿಕೊಂಡು ಹೋಯಿತು. ಅಂಪೈರ್ ಸೀಟಿ ಊದಿದಳು. ಎಲ್ಲರೂ ನಿಂತಲ್ಲೇ ನಿಂತರು. ಆ ಕಟ್ಟಳೆಯನ್ನು ನನ್ನ ಹುಡುಗಿಯರಿಗೆ ನಾನೇ ತಿದ್ದಿ ತಿದ್ದಿ ಕಲಿಸಿದ್ದೆ. ಕೋಚ್ ಕೂಡ ಅಂಪೈರ್ ಕರೆಯದೆ ಗೆರೆ ದಾಟುವಂತಿಲ್ಲ. ಮೈದಾನದ ಆ ತುದಿಯಲ್ಲಿ ರುಖಿಯಾ ಒಂದು ಕೈಯಿಂದ ಮುಖ ಮುಚ್ಚಿಕೊಂಡು ಅಲುಗಾಡದೆ ನಿಂತಿದ್ದಾಳೆ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿದೆ, ಅದು ಕಣ್ಣೋ ಕೆನ್ನೆಯೋ ನನಗೆ ತಿಳಿಯುತ್ತಿಲ್ಲ. ಗೋಡೆಯಾಚೆ ನಿಂತವರಿಗೂ ಕೂಗಾಟ ಒಮ್ಮೆಲೇ ನಿಂತದ್ದು ತಿಳಿದಿರುತ್ತದೆ. ನನ್ನ ಇಡೀ ಕೆಲಸದ ಬದುಕಿನ ಭಯವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೂ ಅಷ್ಟಾಗಲಿಕ್ಕಿಲ್ಲ.

ಅಂಪೈರ್ ಹೋಗಿ ಕೈ ಸರಿಸಿ ನೋಡಿ, ನನ್ನನ್ನು ಕರೆದಳು. ಕೆನ್ನೆಯ ಮೂಳೆಯ ಮೇಲೆ ಚರ್ಮ ಸೀಳಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಪಟ್ಟಿ ಹಚ್ಚಿದವಳು ಅಂಪೈರೇ. ಸಾಕು, ಹೊರಗೆ ಬಾ ಎಂದು ಹೇಳಲು ಬಾಯಿ ತೆರೆದವಳು ರುಖಿಯಾಳ ಮುಖ ನೋಡಿ ಮುಚ್ಚಿದೆ. ಆಡು ಎಂದೆ. ಈ ಕೆಲಸದಲ್ಲಿ ನಾನು ಹೇಳಿದ ಅತ್ಯಂತ ಕಷ್ಟದ ಮಾತು ಅದೇ ಇರಬೇಕು.

ಒಂದು ಗೋಲಿನಿಂದ ಸೋತೆವು. ಪಂದ್ಯ ನೋಡಲು ಬಂದಿದ್ದ ಮಿಸೆಸ್ ಗ್ರೀರ್ ನನ್ನ ಬೆನ್ನು ತಟ್ಟಿ, ಕಡೆಗೂ ನಿನಗೊಬ್ಬಳು ಗೋಲಿ ಸಿಕ್ಕಳು ಎಂದು ಮೌಜಾಳನ್ನು ತೋರಿಸಿದರು.

ಗೇಟಿನ ಹೊರಗೆ ಹಾಜಿಗಳು ವ್ಯಾನಿನ ಪಕ್ಕದಲ್ಲಿ ನಿಂತೇ ಇದ್ದರು. ನಡುವೆ ಒಮ್ಮೆಯಾದರೂ ಕೂತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ರುಖಿಯಾ ಅಬಾಯಾ ತೊಟ್ಟು ಮುಂದೆ, ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ನಾನು ಹಿಂದೆ. ಹಾಜಿಗಳು ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಪಟ್ಟಿಯನ್ನು ನೋಡಿದರು. ಏನಾಯಿತೆಂದು ಬ್ಯಾರಿ ಭಾಷೆಯಲ್ಲಿ ಕೇಳಿದರು. ರುಖಿಯಾ ಹೇಳತೊಡಗಿದಳು. ಗಾಯದ ವಿಷಯವನ್ನಲ್ಲ, ಮೊದಲನೆಯ ಗೋಲಿನದನ್ನು. ಉಪ್ಪ, ಉಪ್ಪ ಎಂದು ಅಪ್ಪನನ್ನು ಕರೆಯುತ್ತ, ಬ್ಯಾರಿ ಇಂಗ್ಲಿಷು ಎರಡನ್ನೂ ಕಲಸಿ, ಯಾರು ಎಲ್ಲಿ ಅಡ್ಡ ಬಂದರು, ತಾನು ಎಲ್ಲಿ ಬಾಗಿದೆ ಎಂದು ರಸ್ತೆಬದಿಯಲ್ಲೇ ಬಾಗಿ ತೋರಿಸಿದಳು. ನಿಲ್ಲಿಸದೆ ಹೇಳಿದಳು.

ಆಮೇಲೆ ಹಾಜಿಗಳು ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. “ಟೀಚರ್, ಇವಳು ಹೀಗೆ ಮಾತಾಡ್ತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ” ಎಂದರು. ಮತ್ತೆ ಮಗಳ ಕೆನ್ನೆ ನೋಡಿದರು. “ಇನ್ನು ಮ್ಯಾಚು ಯಾವಾಗ?”

ನಾನು ಬಾಯಿ ತೆರೆಯುವ ಮೊದಲೇ ರುಖಿಯಾ ಉತ್ತರ ಕೊಟ್ಟಳು. “ರಂಜಾನ್ ಮುಗಿದ್ಮೇಲೆ, ಉಪ್ಪ. ಅಬುಧಾಬಿಯಲ್ಲಿ. ನಾನು ಸೆಂಟರ್.”

ಸೆಂಟರ್ ಯಾರೆಂದು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ.